ಬಾಚಣಿಗೆ ಬೀದಿ, ಹನ್ನೊಂದನೇ ನಂಬರು

ನಾವು ಹುಟ್ಟಿದ ಕಾಲಕ್ಕೆ ಬಾಚಣಿಗೆ ಬೀದಿ ಎಂದರೆ ಬಾಚಣಿಗೆ ಮಾಡುವವರ ಬೀದಿ, ಅಷ್ಟೇ. ಅಪ್ಪನ ಅಜ್ಜನ ಕಾಲದಲ್ಲಿ ಅಲ್ಲಿ ನಲವತ್ತು ಮನೆಯವರು ಕೊಂಬಿನ ಬಾಚಣಿಗೆ ಮಾಡುತ್ತಿದ್ದರಂತೆ. ನಾನು ಕಣ್ಣು ಬಿಡುವಷ್ಟರಲ್ಲಿ ಆ ಕೆಲಸದಲ್ಲಿ ಉಳಿದದ್ದು ನಮ್ಮದೊಂದೇ ಮನೆ. ಪ್ಲಾಸ್ಟಿಕ್ ಬಂದು ಮಿಕ್ಕವರ ಹೊಟ್ಟೆಯ ಮೇಲೆ ಹೊಡೆದಿತ್ತು. ಅಪ್ಪ ಮಾತ್ರ, “ತಲೆ ಇರೋ ತನಕ ಕೂದಲು, ಕೂದಲು ಇರೋ ತನಕ ನಾನು” ಎಂದು ಜಗ್ಗದೆ ಕೂತಿದ್ದ. ಅವನ ತಲೆಯಲ್ಲಿ ಮಾತ್ರ ಒಂದು ಕೂದಲೂ ಇರಲಿಲ್ಲ.

ಮನೆಯ ಮುಂದಿನ ಕೋಣೆಯೇ ನಮ್ಮ ಕೆಲಸದ ಜಾಗ. ಕೊಂಬನ್ನು ಸೀಳಿ, ಕೆಂಡದ ಮೇಲೆ ಹಿಡಿದು ಕಾಯಿಸಿ, ಮೆತ್ತಗಾದ ಕೂಡಲೇ ಎರಡು ಹಲಗೆಗಳ ನಡುವೆ ಒತ್ತಿ ಚಪ್ಪಟೆ ಮಾಡಬೇಕು. ಆರಿದ ಮೇಲೆ ಸಣ್ಣ ಗರಗಸದಿಂದ ಒಂದೊಂದೇ ಹಲ್ಲು ಕೊಯ್ಯಬೇಕು. ಕೊಯ್ಯುವುದು ಅಪ್ಪನ ಪಾಲು. ಹಲ್ಲುಗಳ ಸಂದಿಯಲ್ಲಿ ಅರ ಆಡಿಸಿ, ಬೂದಿ ಹಚ್ಚಿ, ಬಟ್ಟೆಯಿಂದ ಉಜ್ಜಿ ಹೊಳಪು ತರುವುದು ನನ್ನ ಪಾಲು. ಅಮ್ಮ ತೀರಿಕೊಂಡ ವರ್ಷದಿಂದ ನಾನು ಶಾಲೆ ಬಿಟ್ಟು ಅದಕ್ಕೇ ಕೂತೆ. ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಅಕ್ಕ ಓದಿದಳು. ಅವಳ ಕೈಗೆ ಅರ ಕೊಟ್ಟರೆ ಬಾಚಣಿಗೆಗೇ ಹಲ್ಲುನೋವು ಬರುತ್ತದೆ ಎಂದು ಅಪ್ಪ ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ. ಕೆಲಸ ಬರದೆಂದು ತಪ್ಪಿಸಿಕೊಂಡವಳು ಅವಳು, ಬರುತ್ತದೆಂಬ ತಪ್ಪಿಗೆ ಸಿಕ್ಕಿಬಿದ್ದವಳು ನಾನು.

ನನಗೆ ಒಂಬತ್ತು ವರ್ಷವಿದ್ದಾಗ ಬೀದಿಯ ಎದುರು ಸಾಲಿನಲ್ಲಿದ್ದ ಹಳೆಯ ಗಿರಣಿಯನ್ನು ಕೆಡವಿ ಆರು ಮಹಡಿಯ ಕಟ್ಟಡ ಎಬ್ಬಿಸಿದರು. ಅದು ವಸತಿ ಸಚಿವಾಲಯ. ಮೊದಮೊದಲು ಪತ್ರಿಕೆಗಳು ‘ಬಾಚಣಿಗೆ ಬೀದಿಯಲ್ಲಿರುವ ವಸತಿ ಸಚಿವಾಲಯ’ ಎಂದು ಪೂರ್ತಿಯಾಗಿ ಬರೆಯುತ್ತಿದ್ದವು. ಬರಬರುತ್ತಾ ಬಾಲ ಉದುರಿ ಬಾಚಣಿಗೆ ಬೀದಿ ಅಷ್ಟೇ ಉಳಿಯಿತು. ಮನೆ ಹಂಚಿಕೆಗೆ ಬಾಚಣಿಗೆ ಬೀದಿ ಮೀನಮೇಷ. ಬಾಚಣಿಗೆ ಬೀದಿಯಲ್ಲಿ ಒಳಜಗಳ. ಒಂದು ದಿನ ರೇಡಿಯೋದವರು, ಪ್ರವಾಹದಲ್ಲಿ ಮನೆ ಕಳೆದುಕೊಂಡವರ ವಿಷಯದಲ್ಲಿ ಬಾಚಣಿಗೆ ಬೀದಿ ಕೈ ಚೆಲ್ಲಿದೆ ಎಂದರು. ಅಪ್ಪ ಗರಗಸ ನಿಲ್ಲಿಸಿ ಕೇಳಿದ: “ನಾನ್ಯಾವಾಗ ಕೈ ಚೆಲ್ಲಿದೆ?”

ಆಗ ಅದು ತಮಾಷೆಯಾಗಿತ್ತು. ಎಲ್ಲೆಲ್ಲಿಂದಲೋ ಬಂದವರು ಅರ್ಜಿ ಹಿಡಿದು ನಮ್ಮ ಬಾಗಿಲು ತಟ್ಟುತ್ತಿದ್ದರು. ಅಪ್ಪ ಕೂರಿಸಿ, ನೀರು ಕೊಟ್ಟು, ಎದುರಿನ ಗೇಟು ತೋರಿಸುತ್ತಿದ್ದ. ಆಮೇಲೆ ಮೆರವಣಿಗೆಗಳು ಶುರುವಾದವು. ‘ಬಾಚಣಿಗೆ ಬೀದಿಗೆ ಧಿಕ್ಕಾರ’ ಎಂದು ಕೂಗುತ್ತಾ ಬಂದವರು ಎಸೆದ ಕಲ್ಲು ನಮ್ಮ ಕಿಟಕಿಯ ಗಾಜು ಒಡೆಯಿತು. ಪಕ್ಕದ ಹತ್ತನೇ ನಂಬರಿನಲ್ಲಿ ಕೊಡೆ ರಿಪೇರಿ ಮಾಡುವವರೊಬ್ಬರಿದ್ದರು, ನಾವು ಅವರನ್ನು ಕೊಡೆ ಮಾವ ಎನ್ನುತ್ತಿದ್ದೆವು. ಗಾಜಿನ ಚೂರು ಗುಡಿಸಲು ಬಂದ ಅವರು, “ಪಾಪ, ಅವರ ಕಲ್ಲು ಆರನೇ ಮಹಡಿ ತನಕ ಹೋಗಲ್ಲ. ಎಟುಕೋದು ನಾವೇ” ಎಂದರು.

ಅಕ್ಕ ಪರೀಕ್ಷೆ ಬರೆದು ಅದೇ ಸಚಿವಾಲಯದ ಟಪಾಲು ವಿಭಾಗಕ್ಕೆ ಸೇರಿದಾಗ ಅಪ್ಪನ ಕಾಲು ನೆಲದ ಮೇಲಿರಲಿಲ್ಲ. ನಮ್ಮ ಸಾಲಿನ ಮಿಕ್ಕ ಹತ್ತು ಮನೆಗೂ ಹೋಗಿ ಹೇಳಿ ಬಂದ. “ನಮ್ಮ ಬೀದಿ ನಮ್ಮ ಮಗಳಿಗೆ ಕೆಲಸ ಕೊಡ್ತು ನೋಡಿ.” ಮನೆಯಿಂದ ಕಚೇರಿಗೆ ಅವಳಿಗೆ ನೂರಾಹದಿನೈದು ಹೆಜ್ಜೆ. ನಾನೇ ಎಣಿಸಿದ್ದೆ. ಅವಳ ಸಂಬಳದಿಂದ ಮನೆಗೆ ಹೊಸ ಮಾಡು ಬಂತು, ನನ್ನ ಕೆಮ್ಮಿಗೆ ಔಷಧಿ ಬಂತು, ಅವಳ ಬಾಯಿಗೆ ಹೊಸ ಭಾಷೆಯೂ ಬಂತು. ಊಟಕ್ಕೆ ಕೂತು, “ಇದಕ್ಕೆ ಬೀದಿ ಒಪ್ಪಲ್ಲಪ್ಪಾ, ಬೀದಿ ಬೇರೆ ತೀರ್ಮಾನ ಮಾಡಿದೆ” ಎನ್ನುತ್ತಿದ್ದಳು.

“ಯಾವ ಬೀದಿ?” ಎನ್ನುತ್ತಿದ್ದ ಅಪ್ಪ.

“ನಮ್ಮ ಬೀದಿ.”

“ನಾನೂ ಇಲ್ಲೇ ಇದ್ದೆನಲ್ಲ ತಾಯಿ, ನನ್ನನ್ನ ಯಾರೂ ಕೇಳಲಿಲ್ಲ.”

ಅಕ್ಕ ನಕ್ಕುಬಿಡುತ್ತಿದ್ದಳು. ಕೆಟ್ಟ ನಗುವಲ್ಲ. ಆದರೂ ನನಗೆ ಮೈ ಉರಿಯುತ್ತಿತ್ತು.

ಇಷ್ಟರಲ್ಲಿ ದೊಡ್ಡ ಅಂಚೆ ಕಚೇರಿಯಲ್ಲಿ ಹೊಸ ಪದ್ಧತಿ ತಂದರು. ವಿಳಾಸದಲ್ಲಿ ಬಾಚಣಿಗೆ ಬೀದಿ ಎಂದು ಕಂಡದ್ದೆಲ್ಲ ಒಂದೇ ಚೀಲಕ್ಕೆ, ಆ ಚೀಲ ಸೀದಾ ಸಚಿವಾಲಯಕ್ಕೆ. ನಮ್ಮ ಬೀದಿಗೆ ಬರುತ್ತಿದ್ದ ಅಂಚೆಯಣ್ಣ ಎರಡು ಸಲ ಮೇಲಿನವರಿಗೆ ಹೇಳಿ ನೋಡಿದನಂತೆ. ದಿನಕ್ಕೆ ಮೂರು ಸಾವಿರ ಕಾಗದದಲ್ಲಿ ಹನ್ನೊಂದು ಮನೆಯದನ್ನು ಯಾರು ಆರಿಸುತ್ತಾ ಕೂರುತ್ತಾರೆ ಎಂದು ಬೈಸಿಕೊಂಡು ಬಂದ. “ನಿಮ್ಮ ಅಕ್ಕ ಅಲ್ಲೇ ಇದಾರಲ್ಲಮ್ಮ, ಅವರೇ ತರ್ತಾರೆ ಬಿಡಿ” ಎಂದು ನನಗೆ ಹೇಳಿ, ಅವತ್ತಿನಿಂದ ನಮ್ಮ ಬೀದಿಗೆ ಬರುವುದನ್ನೇ ಬಿಟ್ಟ.

ನಿಜಕ್ಕೂ ಅಕ್ಕ ತರುತ್ತಿದ್ದಳು. ಚೀಲದಲ್ಲಿ ಬಂದ ಮಾಮೂಲಿ ಕಾಗದಗಳನ್ನು ವಿಂಗಡಿಸುವವಳು ಅವಳೇ ಆದ್ದರಿಂದ, ಬೀದಿಯವರ ಹೆಸರು ಕಂಡರೆ ಪಕ್ಕಕ್ಕಿಟ್ಟು ಸಂಜೆ ಮನೆಮನೆಗೆ ಕೊಟ್ಟು ಬರುತ್ತಿದ್ದಳು. ರಿಜಿಸ್ಟರ್ಡ್ ಅಂಚೆಯ ದಾರಿ ಬೇರೆ. ಅದು ಕಟ್ಟು ಕಟ್ಟಾಗಿ, ಪಟ್ಟಿಯ ಸಮೇತ ಬರುತ್ತಿತ್ತು. ಅಕ್ಕ ಪಟ್ಟಿಯ ಕೊನೆಗೆ ಒಂದು ಸಹಿ ಹಾಕಿ, ಸೀಲು ಒತ್ತಿ, ಕಟ್ಟು ಬಿಚ್ಚದೆ ಹಿರಿಯ ಗುಮಾಸ್ತರ ಮೇಜಿಗೆ ದಾಟಿಸಬೇಕು. ಅವುಗಳನ್ನು ಬಿಚ್ಚುವ ಅಧಿಕಾರ ಅವರಿಗೆ ಮಾತ್ರ.

ಒಂದು ಬೆಳಿಗ್ಗೆ ಮೂವರು ಅಳತೆಯವರು ಬಂದು ನಮ್ಮ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ನಂಬರು ಬರೆಯತೊಡಗಿದರು. ಅಪ್ಪ ಹೊರಗೆ ಬಂದ. ಕೈಯಲ್ಲಿ ಅರ್ಧ ಕೊಯ್ದ ಬಾಚಣಿಗೆಯಿತ್ತು.

“ಏನು ಸ್ವಾಮಿ ಇದು?”

“ಸಚಿವಾಲಯದ ವಿಸ್ತರಣೆ. ಅರ್ಜಿದಾರರು ಕಾಯೋಕೆ ಕೊಠಡಿ, ಗಾಡಿ ನಿಲ್ಲಿಸೋಕೆ ಜಾಗ. ಈ ಸಾಲಿನ ಹನ್ನೊಂದೂ ಹೋಗುತ್ತೆ.”

“ಹೋಗುತ್ತೆ ಅಂದ್ರೆ? ನಮಗೆ ಯಾರೂ ಹೇಳಲೇ ಇಲ್ಲವಲ್ಲ.”

ಅವನು ಕಡತ ತಿರುವಿದ. “ನೋಟಿಸು ಮುಟ್ಟಿ ಮೂವತ್ತನಾಲ್ಕು ದಿನ ಆಯ್ತು ಯಜಮಾನ್ರೇ. ಆಕ್ಷೇಪಣೆ ಇದ್ರೆ ಮೂವತ್ತು ದಿನದೊಳಗೆ ಕೊಡಬೇಕಿತ್ತು. ಯಾರೂ ಕೊಟ್ಟಿಲ್ಲ. ಅಂದ್ರೆ ಎಲ್ಲರೂ ಒಪ್ಪಿದ ಹಾಗೆ.”

ಮನೆ ಇಲ್ಲದವರಿಗೆ ಮನೆ ಕೊಡುವುದಕ್ಕೆಂದೇ ಹುಟ್ಟಿದ ಸಚಿವಾಲಯ ಅದು. ಬೇಲಿಯೇ ಎದ್ದು ಹೊಲ ಮೇಯ್ದರೆ ದೂರು ಯಾರಿಗೆ ಕೊಡುವುದು? ಬೀದಿಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ನೋಟಿಸನ್ನು ಕಣ್ಣಿನಲ್ಲಿ ಕಂಡವರು ಒಬ್ಬರೂ ಇಲ್ಲ.

ಅಕ್ಕ ಮಾರನೆಯ ದಿನ ಕಚೇರಿಯಲ್ಲಿ ಹುಡುಕಿದಳು. ಟಪಾಲು ಕೋಣೆಯ ಮೂಲೆಯಲ್ಲಿ ‘ವಿಳಾಸದಾರರು ಪತ್ತೆಯಿಲ್ಲ’ ಎಂದು ಚೀಟಿ ಅಂಟಿಸಿದ ಕಪಾಟಿತ್ತು. ಅದರ ಮೇಲಿನ ಹಲಗೆಯಲ್ಲಿ ಹನ್ನೊಂದು ಲಕೋಟೆಗಳು ದಾರ ಕಟ್ಟಿಸಿಕೊಂಡು ಮಲಗಿದ್ದವು. ಅದೇ ಕಟ್ಟಡದ ಮೂರನೆಯ ಮಹಡಿಯ ಭೂಸ್ವಾಧೀನ ಶಾಖೆ ಅವುಗಳನ್ನು ಅಂಚೆಗೆ ಹಾಕಿತ್ತು. ಅಂಚೆಯವರು ಬಾಚಣಿಗೆ ಬೀದಿಯ ಚೀಲಕ್ಕೆ ತುಂಬಿ ನೆಲಮಹಡಿಗೆ ತಂದುಕೊಟ್ಟಿದ್ದರು. ಈ ಹೆಸರಿನ ಅಧಿಕಾರಿಗಳು ಯಾವ ಶಾಖೆಯಲ್ಲೂ ಇಲ್ಲವೆಂದು ಹಿರಿಯ ಗುಮಾಸ್ತರು ಕಪಾಟಿಗೆ ತಳ್ಳಿದ್ದರು. ಮುಟ್ಟಿದ್ದಕ್ಕೆ ಸ್ವೀಕೃತಿ ಮಾತ್ರ ಮೂರನೆಯ ಮಹಡಿಗೆ ಕ್ಷೇಮವಾಗಿ ತಲುಪಿತ್ತು. ನೂರಾ ನಲವತ್ತು ಲಕೋಟೆಗಳ ಪಟ್ಟಿ. ಕೆಳಗೆ ಒಂದೇ ಸಹಿ, ಅಕ್ಕನದು.

ಅವಳು ಅದನ್ನು ಆ ಸಂಜೆಯೇ ನಮಗೆ ಹೇಳಿದಳು. ಅಪ್ಪ ತಟ್ಟೆಯ ಮುಂದೆ ಕೂತಿದ್ದ.

“ಹಿರಿಯ ಗುಮಾಸ್ತರಿಗೆ ಹೇಳಿದೆ ಅಪ್ಪಾ. ಬಾಗಿಲು ಹಾಕ್ಕೊಂಡು ಮಾತಾಡಿದ್ರು. ‘ಸುಮ್ಮನಿದ್ದುಬಿಡಮ್ಮ. ನಿಮ್ಮ ಮನೆಯವರಿಗೆ ಬೇರೆ ಕಡೆ ನೆಲಮಹಡಿ ಮನೇನೇ ಕೊಡಿಸೋಣ, ಅಂಗಳ ಇರೋದು. ಮಿಕ್ಕ ಹತ್ತು ಜನಕ್ಕೋಸ್ಕರ ನೀನ್ಯಾಕೆ ಕೆಲಸ ಕಳ್ಕೋತೀಯ’ ಅಂದ್ರು.”

“ನೀನೇನಂದೆ?”

“ಅಪ್ಪನ್ನ ಕೇಳ್ತೀನಿ ಅಂದೆ.”

ಅಪ್ಪ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ, “ಕೊಡೆ ಮಾವನ ಮುಖ ನೋಡ್ಕೊಂಡು ಅಂಗಳದಲ್ಲಿ ಕೂರೋಕಾಗುತ್ತಾ ನಂಗೆ? ಇದ್ದದ್ದು ಇದ್ದ ಹಾಗೆ ಹೇಳಿಬಿಡು” ಎಂದ.

ನಾನೂ ಹೂಂಗುಟ್ಟಿದೆ. ಅದನ್ನು ಈಗ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅಕ್ಕನ ಬಗ್ಗೆ ನನಗೆ ಮೊದಲ ಸಲ ಹೆಮ್ಮೆಯೆನಿಸಿದ್ದು ಅವತ್ತೇ.

ಹನ್ನೊಂದು ಮನೆಯವರೂ ಸೇರಿ ಒಬ್ಬ ವಕೀಲರಮ್ಮನನ್ನು ಹಿಡಿದರು. ದಪ್ಪ ಕನ್ನಡಕ, ಮಾತು ಕಮ್ಮಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕೋಕೆ ಬಂದಿದೀರಿ ಎಂದು ಗದರಿಸಿದರೂ, ಕಪಾಟಿನ ಕಥೆ ಕೇಳಿ ಅವರ ಮುಖ ಬೆಳಗಿತು. ಲಕೋಟೆಗಳು ಸಚಿವಾಲಯಕ್ಕೇ ವಾಪಸು ಬಂದು ಅಲ್ಲೇ ಉಳಿದವೆಂದು ಒಳಗಿನವಳೇ ಸಾಕ್ಷಿ ಹೇಳಿದರೆ ನೋಟಿಸು ಬಿದ್ದುಹೋಗುತ್ತದೆ, ಮತ್ತೆ ಹೊಸದಾಗಿ ಮೂವತ್ತು ದಿನ ಸಿಗುತ್ತದೆ. ಕೊನೆಗೆ ಅವರು ಅಕ್ಕನನ್ನೂ ನನ್ನನ್ನೂ ಪಕ್ಕಕ್ಕೆ ಕರೆದರು.

“ನಂಗೆ ಭಯ ಇರೋದು ನಿಮ್ಮನೇದೊಂದೇ. ನೋಟಿಸನ್ನ ಮನೆಯಲ್ಲಿ ವಯಸ್ಸಿಗೆ ಬಂದ ಯಾರ ಕೈಗೆ ಕೊಟ್ರೂ ಕೊಟ್ಟ ಹಾಗೇ ಲೆಕ್ಕ. ಆ ಪಟ್ಟೀಲಿರೋ ಸಹಿ ನಿಮ್ಮದಾ ಅಂತ ಅವರು ಕೇಳ್ತಾರೆ. ನೆನಪಿಲ್ಲ ಅನ್ನಿ. ದಿನಕ್ಕೆ ಮುನ್ನೂರು ಸೀಲು ಒತ್ತೋರಿಗೆ ನೆನಪಿರಲ್ಲ, ಸಹಜ.”

ಅಕ್ಕ ತಲೆಯಾಡಿಸಿದಳು.

ಅವತ್ತು ನ್ಯಾಯಾಲಯದಲ್ಲಿ ಹನ್ನೊಂದು ಮನೆಯವರೂ ಹಿಂದಿನ ಬೆಂಚುಗಳಲ್ಲಿ ಇಕ್ಕಟ್ಟಾಗಿ ಕೂತಿದ್ದೆವು. ಅಕ್ಕ ಹೇಳಿದಳು, ಒಂದೂ ಬಿಡದೆ: ಚೀಲ, ಪಟ್ಟಿ, ಕಪಾಟು, ದಾರ, ಬಾಗಿಲು ಹಾಕಿಕೊಂಡು ಹಿರಿಯ ಗುಮಾಸ್ತರು ಆಡಿದ ಮಾತು. ಕೊಡೆ ಮಾವ ನನ್ನ ಕೈ ಅದುಮಿದರು. ಆಮೇಲೆ ಸಚಿವಾಲಯದ ವಕೀಲ ಎದ್ದ. ದನಿ ಏರಿಸದ, ಮರ್ಯಾದೆಯ ಮನುಷ್ಯ. ಪಟ್ಟಿಯನ್ನು ಅವಳ ಮುಂದೆ ಹಿಡಿದ.

“ಈ ಸಹಿ ಯಾರದಮ್ಮ?”

ಅಕ್ಕ ಅಪ್ಪನ ಕಡೆ ನೋಡಿದಳು. ವಕೀಲರಮ್ಮ ಕಾಗದದಿಂದ ತಲೆ ಎತ್ತಲಿಲ್ಲ.

“ನನ್ನದೇ.”

“ನೀವಿರೋದು ಎಲ್ಲಿ?”

“ಬಾಚಣಿಗೆ ಬೀದಿ, ಹನ್ನೊಂದನೇ ನಂಬರು.”

“ನಿಮ್ಮ ತಂದೆಯವರ ಜೊತೆಯಲ್ಲೇ?”

“ಹೌದು.”

“ಇಷ್ಟೇ” ಎಂದು ಅವನು ಕೂತ.

ತೀರ್ಪಿಗೆ ಹತ್ತು ದಿನವೂ ಹಿಡಿಯಲಿಲ್ಲ. ಒಂದರಿಂದ ಹತ್ತರವರೆಗಿನ ಮನೆಗಳಿಗೆ ನೋಟಿಸು ಮುಟ್ಟಿಲ್ಲ, ಹೊಸದಾಗಿ ಕೊಡತಕ್ಕದ್ದು. ಹನ್ನೊಂದನೇ ಮನೆಯ ನೋಟಿಸನ್ನು ಆ ಮನೆಯ ವಯಸ್ಕ ಸದಸ್ಯೆಯೇ ಸಹಿ ಮಾಡಿ ಪಡೆದಿರುವುದು ಆಕೆಯ ಬಾಯಿಂದಲೇ ಸಾಬೀತಾಗಿದೆ. ಹದಿನೈದು ದಿನದೊಳಗೆ ಮನೆ ತೆರವು ಮಾಡತಕ್ಕದ್ದು.

ಬೀದಿಯವರು ಮೆಟ್ಟಿಲ ಮೇಲೆ ನಿಂತು ಸಂತೋಷಪಡಬೇಕೋ ಬೇಡವೋ ತಿಳಿಯದೆ ಒದ್ದಾಡಿದರು. ಕೊಡೆ ಮಾವ, “ನಿಮ್ಮ ಮಗಳು ದೇವರಂಥವಳು” ಎಂದು ಅಪ್ಪನ ಕೈ ಹಿಡಿದು ಕಣ್ಣೊರೆಸಿಕೊಂಡರು. ಆಮೇಲಿನ ಹದಿನೈದು ದಿನ ನಮ್ಮ ಮನೆಯ ಕಡೆ ಅವರು ಸುಳಿಯಲಿಲ್ಲ. ಅವರಷ್ಟೇ ಅಲ್ಲ, ಯಾರೂ ಸುಳಿಯಲಿಲ್ಲ. ಸಾಲ ಕೊಟ್ಟವನಿಗಿಂತ ಉಪಕಾರ ಮಾಡಿದವನ ಮುಖ ನೋಡುವುದೇ ಜನರಿಗೆ ಕಷ್ಟ.

ಕಚೇರಿಯ ಗುಟ್ಟನ್ನು ಹೊರಗೆ ಹಾಕಿದಳೆಂದು ಅಕ್ಕನನ್ನು ಅದೇ ವಾರ ಕೆಲಸದಿಂದ ತೆಗೆದರು. ಆ ಆದೇಶವನ್ನು ಮಾತ್ರ ಅಂಚೆಗೆ ಹಾಕದೆ, ಜವಾನನ ಕೈಯಲ್ಲಿ ನೂರಾಹದಿನೈದು ಹೆಜ್ಜೆ ನಡೆಸಿ ಮನೆಗೇ ಕಳಿಸಿದರು.

ಕೆಡವಲು ಬಂದ ದಿನ ಅಪ್ಪ ಗರಗಸ, ಅರ, ಒತ್ತು ಹಲಗೆ ಎಲ್ಲವನ್ನೂ ಗೋಣಿಯಲ್ಲಿ ಸುತ್ತಿ, ಗಾಡಿಯ ಮುಂದಿನ ಸೀಟಿನಲ್ಲಿ ಮನೆಗೆ ಬೆನ್ನು ತಿರುಗಿಸಿ ಕೂತ. ನಾನು ನಿಂತು ನೋಡಿದೆ. ಮುಂದಿನ ಕೋಣೆಯ ಗೋಡೆ ಬಿದ್ದಾಗ ಎದ್ದ ಧೂಳಿನಲ್ಲಿ ಕೊಂಬು ಸುಟ್ಟ ವಾಸನೆಯಿತ್ತು. ನಾಲ್ಕು ತಲೆಮಾರು ಕಾಯಿಸಿದ್ದೆಲ್ಲ ಆ ಗಾರೆಯೊಳಗೆ ಕೂತಿತ್ತೆಂದು ಕಾಣುತ್ತದೆ. ಕೊಡೆ ಮಾವನ ಕಿಟಕಿಯ ಪರದೆ ಒಮ್ಮೆ ಅಲುಗಿ ಸುಮ್ಮನಾಯಿತು.

ಅಕ್ಕ ಬಂದು ನನ್ನ ಭುಜದ ಮೇಲೆ ಕೈಯಿಟ್ಟಳು. ನಾನು ಆ ಕೈಯನ್ನು ಕೊಡವಿದೆ.

“ಅಪ್ಪ ನಿನ್ನ ಓದಿಸಿದ್ದು ಸಹಿ ಹಾಕೋಕೆ, ಅಲ್ವಾ? ಸಹಿ ಹಾಕೋ ಮುಂಚೆ ಓದಬೇಕು ಅಂತ ಯಾರೂ ಕಲಿಸ್ಲಿಲ್ಲ ನಿಂಗೆ.”

ಗಾಡಿಯವನೂ ಕೇಳಿಸಿಕೊಂಡ. ಅಪ್ಪನೂ ಕೇಳಿಸಿಕೊಂಡಿರಬೇಕು, ತಿರುಗಲಿಲ್ಲ. ಅಕ್ಕ ಹಿಂದಿನ ಸೀಟು ಹತ್ತಿ ಪಾತ್ರೆಗಳ ನಡುವೆ ಕೂತಳು.

ನಮಗೆ ಸಿಕ್ಕಿದ್ದು ಊರಾಚೆಯ ಬಡಾವಣೆಯಲ್ಲಿ ನಾಲ್ಕನೇ ಮಹಡಿಯ ಎರಡು ಕೋಣೆ. ಅಲ್ಲಿ ಕೆಂಡ ಹಾಕುವಂತಿಲ್ಲ. ಒಂದೇ ಒಂದು ಸಲ ಅಪ್ಪ ಬಚ್ಚಲಿನಲ್ಲಿ ಕೊಂಬು ಕಾಯಿಸಿದಾಗ ಕೆಳಗಿನವರು ಹೆಣ ಸುಡುತ್ತಿದ್ದೀರಾ ಎಂದು ಕೂಗಾಡಿಕೊಂಡು ಮೇಲೆ ಬಂದರು. ಆಮೇಲೆ ಅವನು ಗೋಣಿ ಬಿಚ್ಚಲಿಲ್ಲ. ಕಟ್ಟಡದ ನೀರಿನ ಪಂಪನ್ನು ಬೆಳಿಗ್ಗೆ ಸಂಜೆ ಹಾಕಿ ಆರಿಸುವ ಕೆಲಸ ಹಿಡಿದ. ಅಕ್ಕ ಟೈಪಿಂಗ್ ಅಂಗಡಿಗೆ ಸೇರಿದಳು. ನಾನು ಕನ್ನಡಕದ ಅಂಗಡಿಯೊಂದರಲ್ಲಿ ಚೌಕಟ್ಟು ಉಜ್ಜುವ ಕೆಲಸಕ್ಕೆ ಸೇರಿ, ಅಲ್ಲೇ ಹತ್ತಿರ ಬೇರೆ ಕೋಣೆ ಮಾಡಿಕೊಂಡೆ. ದೂರ ಎಂದು ನೆಪ ಹೇಳಿದೆ. ಅಕ್ಕನ ಜೊತೆ ಒಂದೇ ಮಾಡಿನ ಕೆಳಗೆ ಇರುವುದು ನನಗೆ ಸಾಧ್ಯವಿರಲಿಲ್ಲ.

ಕೋಣೆಗೆ ಗುರುತಿನ ಕಾಗದ ಬೇಕೆಂದು ಒಂದು ಕಚೇರಿಗೆ ಹೋಗಿದ್ದೆ. ಹುಟ್ಟಿದ ಸ್ಥಳ ಎಂಬಲ್ಲಿ ಬಾಚಣಿಗೆ ಬೀದಿ ಎಂದು ಬರೆದುಕೊಟ್ಟೆ. ಗುಮಾಸ್ತ ಪಕ್ಕದವನಿಗೆ ತೋರಿಸಿ, “ಇವರು ಸಚಿವಾಲಯದಲ್ಲೇ ಹುಟ್ಟಿದ್ರಂತೆ! ಅಪ್ಪ ಮಂತ್ರಿನಾ?” ಎಂದು ನಕ್ಕ. ಅದು ಬೀದಿ, ಮನೆಗಳಿದ್ದವು, ಬಾಚಣಿಗೆ ಮಾಡುತ್ತಿದ್ದೆವು ಎಂದೆ. “ಅದು ಸುಮ್ಮನೆ ಒಂದು ಮಾತಮ್ಮ, ಅಂಥ ಬೀದಿ ಎಲ್ಲಿದೆ?” ಎಂದು ಅದನ್ನು ಹೊಡೆದುಹಾಕಿ ಬರೀ ನಗರದ ಹೆಸರು ಬರೆದುಕೊಂಡ.

ಅವನ ಮಾತು ಸುಳ್ಳಾಗಲಿಲ್ಲ. ಹೊಸ ನೋಟಿಸು ಬಂದಾಗ ಹತ್ತು ಮನೆಯವರು ಒಂದು ತಿಂಗಳು ಹಾರಾಡಿದರು. ಆಮೇಲೆ ಒಬ್ಬೊಬ್ಬರನ್ನೇ ಕರೆದು ಮಾತಾಡಿಸಿದರಂತೆ, ಒಬ್ಬೊಬ್ಬರೇ ಒಪ್ಪಿಕೊಂಡರು. ಎಲ್ಲರಿಗಿಂತ ಮೊದಲು ಒಪ್ಪಿದವರು ಕೊಡೆ ಮಾವ. ಅವರಿಗೆ ಸಿಕ್ಕಿದ್ದು ನೆಲಮಹಡಿ, ಅಂಗಳವಿರುವ ಮನೆ. ಒಂದೂವರೆ ವರ್ಷದಲ್ಲಿ ಆ ಸಾಲಿನಲ್ಲಿ ಗಾಡಿಗಳು ನಿಂತವು.

ಕೊಡೆ ಮಾವನ ಸುದ್ದಿ ಕಿವಿಗೆ ಬಿದ್ದ ದಿನವೇ ನಾನು ಬಡಾವಣೆಗೆ ಹೋದೆ. ಅಪ್ಪ ಪಂಪು ಹಾಕಲು ಕೆಳಗೆ ಇಳಿದಿದ್ದ. ಅಕ್ಕ ಚಹಾ ಮಾಡಿ ಮುಂದಿಟ್ಟಳು. ಅವಳ ಕೂದಲು ಮುಂದೆಲ್ಲ ನೆರೆತಿತ್ತು. ನಾನು ಸುದ್ದಿ ಹೇಳಿದೆ. ತನಗೆ ಗೊತ್ತಿದೆ ಎಂದಳು.

“ಅವತ್ತು ಗಾಡಿ ಹತ್ತಿರ ನಾನು ಹಾಗೆ ಅನ್ನಬಾರದಿತ್ತು” ಎಂದೆ.

“ನೀನು ಸಿಟ್ಟಾಗಿದ್ದು ನಾನು ಓದದೆ ಸಹಿ ಹಾಕಿದ್ದಕ್ಕಲ್ಲ.”

“ಮತ್ಯಾಕೆ?”

“ನೆನಪಿಲ್ಲ ಅಂತ ಒಂದು ಮಾತು ಹೇಳಲಿಲ್ಲವಲ್ಲ, ಅದಕ್ಕೆ. ನಿಜ ಹೇಳು.”

ಲೋಟ ಸುಡುತ್ತಿತ್ತು. ನಾನು ಅದನ್ನು ಕೆಳಗಿಟ್ಟೆ. “ಹೌದು” ಎಂದೆ. “ಅದಕ್ಕೇ.”

“ಸಹಿ ನೆನಪಿಲ್ಲ ಅಂದ್ರೆ ಕಪಾಟು ಹೇಗೆ ನೆನಪಿದೆ ಅಂತ ಕೇಳ್ತಿದ್ರು. ಎಲ್ಲರ ಕೇಸೂ ಬಿದ್ದು ಹೋಗುತ್ತೆ ಅನ್ನಿಸ್ತು. ಹತ್ತು ಮನೆ, ಒಂದು ಮನೆ. ಅಷ್ಟೇ ಯೋಚನೆ ಮಾಡಿದ್ದು.”

“ಈಗ?”

“ಈಗ ಏನು ಈಗ.” ಅವಳು ನನ್ನ ಲೋಟ ಎತ್ತಿಕೊಂಡು, ಆರಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ, ಮತ್ತೆ ನನ್ನ ಮುಂದೆ ಇಟ್ಟಳು. “ನಿನಗಿರೋ ಸಿಟ್ಟೇ ನಂಗೂ ಇದೆ ಕಣೇ, ನನ್ನ ಮೇಲೆ. ಕುಡಿ.”

ಕೆಳಗೆ ಪಂಪು ಶುರುವಾದ ಸದ್ದು ಗೋಡೆಯೊಳಗಿನ ಕೊಳವೆಯಲ್ಲಿ ಮೇಲೇರಿ ಬಂತು. ಅಪ್ಪ ನಾಲ್ಕು ಮಹಡಿ ಹತ್ತಿ ಬರಲು ಇನ್ನೂ ಹೊತ್ತಿತ್ತು. ನಾವಿಬ್ಬರೂ ಚಹಾ ಕುಡಿದೆವು.